ಬಿಚ್ಚಲು ಬರುವ ಅಂಟು

ಪಾಶ್ಚಾತ್ಯ ವಾದ್ಯವೃಂದಗಳಲ್ಲಿ ಡಬಲ್ ಬಾಸ್ ಎಂದೂ, ಜಾಝ್ ಮತ್ತು ಅಮೆರಿಕದ ಗ್ರಾಮೀಣ ಸಂಗೀತದವರ ಬಾಯಲ್ಲಿ ಅಪ್‌ರೈಟ್ ಬಾಸ್ ಎಂದೂ ಕರೆಸಿಕೊಳ್ಳುವ ವಾದ್ಯವು ಪಿಟೀಲಿನ ಬಳಗದಲ್ಲಿ ಎಲ್ಲಕ್ಕಿಂತ ದೊಡ್ಡದು. ಆಳೆತ್ತರಕ್ಕೆ ನಿಲ್ಲುವ ಅದರ ಒಡಲನ್ನು ವಾದಕರು ನಿಂತೋ ಎತ್ತರದ ಪೀಠದ ಮೇಲೆ ಕುಳಿತೋ ಮೈಗೆ ಒರಗಿಸಿಕೊಂಡು, ಬಿಲ್ಲಿನಿಂದ ಉಜ್ಜಿ ಅಥವಾ ಬೆರಳಿನಿಂದ ಮೀಟಿ ನಾದ ಹೊರಡಿಸುತ್ತಾರೆ. ಅದರ ಅತ್ಯಂತ ಮಂದ್ರದ ತಂತಿ ಸೆಕೆಂಡಿಗೆ ಸುಮಾರು 41 ಸಲ ಮಾತ್ರ ಕಂಪಿಸುತ್ತದೆ. ಅಷ್ಟು ನಿಧಾನದ ಕಂಪನವನ್ನು ಕಿವಿಗೆ ಮುಟ್ಟಿಸಬೇಕಾದರೆ ತಂತಿ ದಪ್ಪವಾಗಿರಬೇಕು, ಒಂದು ಮೀಟರಿಗೂ ಉದ್ದವಾಗಿರಬೇಕು, ಅದರ ಹಿಂದೆ ಗಾಳಿ ತುಂಬಿದ ವಿಶಾಲವಾದ ಪೊಳ್ಳು ಇರಬೇಕು. ಇಂದಿನ ಉಕ್ಕಿನ ತಂತಿಗಳು ನಾಲ್ಕೂ ಸೇರಿ ನೂರು ಕಿಲೋಗ್ರಾಮಿಗೂ ಮೀರಿದ ಬಲದಿಂದ ವಾದ್ಯದ ಎರಡು ತುದಿಗಳನ್ನು ಸದಾ ಒಂದರ ಕಡೆಗೊಂದು ಸೆಳೆಯುತ್ತಿರುತ್ತವೆ, ಮತ್ತು ಆ ಸೆಳೆತದ ಒಂದು ಪಾಲು ತಂತಿಗಳನ್ನು ಎತ್ತಿ ಹಿಡಿದಿರುವ ಕುದುರೆಯ ಮೂಲಕ ಹೆಚ್ಚೆಂದರೆ ಒಂದು ಸೆಂಟಿಮೀಟರಿನ ಆಸುಪಾಸು ದಪ್ಪವಿರುವ ಮೇಲುಹಲಗೆಯನ್ನು ಕೆಳಕ್ಕೆ ಒತ್ತುತ್ತದೆ. ವಾದಕ ನಿದ್ರಿಸುತ್ತಿರುವಾಗಲೂ ಈ ಹೊರೆ ಇಳಿಯುವುದಿಲ್ಲ. ಎಪ್ಪತ್ತು ವರ್ಷ ಹಳೆಯ ಬಾಸ್ ಎಂದರೆ ಎಪ್ಪತ್ತು ವರ್ಷ ಹಗಲಿರುಳು ಭಾರ ಹೊತ್ತ ಮರವೆಂದೇ ಅರ್ಥ. ಅದಕ್ಕೆ ದುರಸ್ತಿ ಎಂಬುದು ಅಕಸ್ಮಾತ್ತಾಗಿ ಬಂದೊದಗುವ ಸಂಗತಿಯಾಗಿರದೆ ಅದರ ಆಯುಷ್ಯದ ಒಂದು ನಿಯತ ಭಾಗವಾಗಿದೆ.

ಹೀಗಿರುವುದರಿಂದಲೇ ಹಳೆಯ ಬಾಸ್ ಒಂದನ್ನು ಕೊಂಡವರು, ಇಲ್ಲವೇ ಅಜ್ಜನ ಕಾಲದ್ದೊಂದನ್ನು ಅಟ್ಟದಿಂದ ಕೆಳಗಿಳಿಸಿದವರು, ಮೊದಲು ಹುಡುಕಬೇಕಾದದ್ದು ಗುರುವನ್ನಲ್ಲ, ಒಬ್ಬ ಲೂಥಿಯರನನ್ನು. ಲೂಟ್ ಎಂಬ ಮೀಟುವಾದ್ಯದ ಫ್ರೆಂಚ್ ಹೆಸರಿನಿಂದ ಹುಟ್ಟಿದ ಈ ಮಾತು ಮೊದಲು ಲೂಟ್ ಮಾಡುವವನನ್ನು ಸೂಚಿಸುತ್ತಿದ್ದು, ಕ್ರಮೇಣ ಪಿಟೀಲು, ಗಿಟಾರು ಮುಂತಾದ ಎಲ್ಲ ತಂತಿವಾದ್ಯಗಳ ತಯಾರಕ ಮತ್ತು ದುರಸ್ತಿಗಾರರಿಗೂ ಹಬ್ಬಿತು. ಲೂಟ್ ಎಂಬ ಹೆಸರಾದರೋ ಅರಬರ ಊದ್ ವಾದ್ಯದ ಹೆಸರಿನಿಂದ ಬಂದದ್ದು, ಮತ್ತು ಅರಬ್ಬಿಯಲ್ಲಿ ಊದ್ ಎಂದರೆ ಮರ, ಕಟ್ಟಿಗೆ. ಮರದ ಗುಣವನ್ನು ಬಲ್ಲವನು ಎಂಬ ಅರ್ಥವನ್ನು ಈ ಪದದಿಂದ ಹಿಂಡಿ ತೆಗೆಯುವುದು ವ್ಯುತ್ಪತ್ತಿಶಾಸ್ತ್ರಕ್ಕೆ ತುಸು ಮೀರಿದ ಮಾತಾದರೂ, ಈ ಕಸುಬಿನ ತಿರುಳು ಅದೇ ಎಂಬುದರಲ್ಲಿ ಸಂದೇಹವಿಲ್ಲ.

ಮರದ ಗುಣವೆಂದರೆ ಇಲ್ಲಿ ಮುಖ್ಯವಾಗಿ ಹವೆಯೊಡನೆ ಅದಕ್ಕಿರುವ ಸಂಬಂಧ. ಮರವು ತೇವವನ್ನು ಹೀರಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಆದರೆ ಈ ಹಿಗ್ಗು ಕುಗ್ಗುಗಳೆಲ್ಲ ನಾರಿನ ಅಡ್ಡಕ್ಕೆ ನಡೆಯುತ್ತವೆಯೇ ಹೊರತು ನಾರಿನ ಉದ್ದಕ್ಕೆ ಬಹುತೇಕ ನಡೆಯುವುದಿಲ್ಲ. ಪಿಟೀಲಿನಷ್ಟು ಕಿರಿದಾದ ವಾದ್ಯದಲ್ಲಿ ಇದರ ಪರಿಣಾಮ ಸಣ್ಣದು. ಅದರ ಮೂರು ಪಟ್ಟಿಗೂ ಹೆಚ್ಚು ಅಗಲವಿರುವ ಬಾಸ್‌ನಲ್ಲಿ ಅದೇ ಪರಿಣಾಮ ಕಣ್ಣಿಗೆ ಕಾಣುವಷ್ಟು ದೊಡ್ಡದಾಗುತ್ತದೆ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಚಳಿಗಾಲ ಬಂದು ಮನೆಗಳಲ್ಲಿ ಹೀಟರ್ ಹೊತ್ತಿಕೊಂಡಾಗ ಒಳಗಿನ ಗಾಳಿ ಅತಿಯಾಗಿ ಒಣಗಿ, ಸ್ಪ್ರೂಸ್ ಮರದ ಮೇಲುಹಲಗೆ ಕುಗ್ಗಿ ತಗ್ಗುತ್ತದೆ, ಅದರೊಡನೆ ಕುದುರೆಯೂ ತಂತಿಗಳೂ ತಗ್ಗುತ್ತವೆ. ಬೇಸಿಗೆಯ ತೇವದಲ್ಲಿ ಅವೆಲ್ಲ ಮತ್ತೆ ಮೇಲೇಳುತ್ತವೆ. ಅನೇಕ ಬಾಸ್‌ಗಳಲ್ಲಿ ಕುದುರೆಯ ಕಾಲುಗಳನ್ನು ನಡುವೆ ಕತ್ತರಿಸಿ ತಿರುಗಿಸುವ ಚಕ್ರಗಳನ್ನು ಕೂರಿಸಿರುವುದು ಋತುವಿಗೆ ತಕ್ಕಂತೆ ತಂತಿಯ ಎತ್ತರವನ್ನು ಹೊಂದಿಸಿಕೊಳ್ಳಲೆಂದೇ. ಹಳೆಯ ವಯೋಲ್ ವಾದ್ಯಗಳಿಂದ ಬಂದ ಚಪ್ಪಟೆ ಬೆನ್ನಿನ ಬಾಸ್‌ಗಳಲ್ಲಿ ತೊಡಕು ಇನ್ನೂ ಗಹನವಾದದ್ದು: ಅಂಥ ಬೆನ್ನುಹಲಗೆಗೆ ಬಲ ಕೊಡಲೆಂದು ಒಳಗಡೆ ಅಡ್ಡಪಟ್ಟಿಗಳನ್ನು ಅಂಟಿಸಿರುತ್ತಾರೆ, ಹಲಗೆಯ ನಾರು ಮೇಲಿನಿಂದ ಕೆಳಕ್ಕೆ, ಪಟ್ಟಿಯ ನಾರು ಎಡದಿಂದ ಬಲಕ್ಕೆ, ಒಣಹವೆಯಲ್ಲಿ ಹಲಗೆ ಅಗಲದಲ್ಲಿ ಕುಗ್ಗಲು ಹವಣಿಸುತ್ತದೆ, ಪಟ್ಟಿ ಕುಗ್ಗಲೊಲ್ಲದು. ಆಗ ಅಂಟು ಬಿಡಬೇಕು, ಇಲ್ಲವೇ ಹಲಗೆ ಸೀಳಬೇಕು. ಅಂಟು ಬಿಟ್ಟರೆ ಒಂದು ಕೆಲಸದ ದಿನದ ದುರಸ್ತಿ. ಹಲಗೆ ಸೀಳಿದರೆ ವಾದ್ಯದ ಮೈಮೇಲೆ ಶಾಶ್ವತವಾದ ಗಾಯ.

ಈ ಕಾರಣದಿಂದಲೇ ಬಾಸ್‌ನ ವಿಷಯದಲ್ಲಿ ಅಂಟಿನ ಆಯ್ಕೆಯು ಮಿಕ್ಕೆಲ್ಲ ಆಯ್ಕೆಗಳಿಗಿಂತ ಹೆಚ್ಚು ನಿರ್ಣಾಯಕವಾಗುತ್ತದೆ. ಈ ಕಸುಬಿನವರು ಶತಮಾನಗಳಿಂದ ಬಳಸುತ್ತ ಬಂದಿರುವುದು ಪ್ರಾಣಿಗಳ ಚರ್ಮವನ್ನು ಬೇಯಿಸಿ ತೆಗೆದ ಅಂಟನ್ನು. ಒಣಗಿದ ಹರಳುಗಳ ರೂಪದಲ್ಲಿ ದೊರೆಯುವ ಅದನ್ನು ನೀರಿನಲ್ಲಿ ನೆನೆಸಿ, ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ, ಬಿಸಿಯಿರುವಾಗಲೇ ಹಚ್ಚಬೇಕು. ಅದನ್ನು ಕುದಿಸಿದರೆ ಶಕ್ತಿಗುಂದುತ್ತದೆ, ಆರಲು ಬಿಟ್ಟರೆ ಹೆಪ್ಪುಗಟ್ಟುತ್ತದೆ. ಚೆನ್ನಾಗಿ ಹೊಂದಿಕೊಂಡ ಎರಡು ಮರಗಳ ನಡುವೆ ಅದು ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ನೀರು ಮತ್ತು ಶಾಖ ಸೋಕಿದಾಗ ಮತ್ತೆ ಮೆತ್ತಗಾಗುತ್ತದೆ. ಒಣಗಿ ಬಿರುಸಾದ ಸಂದಿನಲ್ಲಿ ತೆಳುವಾದ ಅಲಗನ್ನು ತೂರಿಸಿ ಎಚ್ಚರದಿಂದ ಸರಿಸಿದರೆ ಮರಕ್ಕೆ ನೋವಾಗದಂತೆ ಬಿಡುತ್ತದೆ. ಮೇಲುಹಲಗೆಯನ್ನು ಪಕ್ಕದ ಪಟ್ಟಿಗಳಿಗೆ ಅಂಟಿಸುವಾಗ ನುರಿತ ಕೈಗಳು ಅಂಟಿಗೆ ಉದ್ದೇಶಪೂರ್ವಕವಾಗಿ ನೀರು ಹೆಚ್ಚಿಸಿ ಅದನ್ನು ತುಸು ಬಲಹೀನಗೊಳಿಸುತ್ತವೆ. ಒತ್ತಡ ಮಿತಿ ಮೀರಿದ ದಿನ ಮರ ಸೀಳದೆ ಅಂಟು ಬಿಡಲಿ ಎಂಬುದು ಇದರ ಹಿಂದಿರುವ ಎಣಿಕೆ. ವಾದ್ಯದ ಅಂಚಿನಲ್ಲಿ ಸಂದು ಬಿಟ್ಟುಕೊಂಡದ್ದನ್ನು ಕಂಡು ಹೊಸ ವಾದಕರು ಗಾಬರಿಯಾಗುವುದುಂಟು; ವಾಸ್ತವದಲ್ಲಿ ಅದು ಹಿಂದಿನ ಕುಶಲಿಯೊಬ್ಬನ ಮುಂದಾಲೋಚನೆ ಫಲಿಸಿದ ಗುರುತು.

ಮನೆಯಲ್ಲಿ ಕುರ್ಚಿಯ ಕಾಲು ಅಂಟಿಸಲು ಬಳಸುವ ಬಿಳಿಯ ಅಥವಾ ಹಳದಿಯ ಅಂಟುಗಳೂ, ಎರಡು ಕೊಳವೆಗಳ ದ್ರವ ಬೆರೆಸಿ ಗಟ್ಟಿಯಾಗಿಸುವ ಎಪಾಕ್ಸಿಯೂ ಈ ಎಣಿಕೆಯನ್ನು ತಲೆಕೆಳಗು ಮಾಡುತ್ತವೆ. ಅವು ಮರಕ್ಕಿಂತ ಗಟ್ಟಿ. ಮರದ ರಂಧ್ರಗಳಲ್ಲಿ ಇಳಿದು ಕೂರುವುದರಿಂದ ಮುಂದೆ ಅಲ್ಲಿ ಚರ್ಮದ ಅಂಟು ಹಿಡಿಯುವುದಿಲ್ಲ. ಅಂಥ ಸಂದನ್ನು ಬಿಚ್ಚಬೇಕಾದಾಗ ಅಂಟಿನ ಜೊತೆಗೆ ಮರದ ಸಿಬಿರುಗಳೂ ಎದ್ದು ಬರುತ್ತವೆ. ಹಳೆಯ ಬಾಸ್‌ಗಳನ್ನು ಹಾಳುಗೆಡವಿರುವುದು ಬಿದ್ದ ಪೆಟ್ಟುಗಳಿಗಿಂತ ಹೆಚ್ಚಾಗಿ ಇಂಥ ಒಳ್ಳೆಯ ಮನಸ್ಸಿನ ದುರಸ್ತಿಗಳು ಎಂದು ಹೇಳಿದರೆ ಅದು ಉತ್ಪ್ರೇಕ್ಷೆಯಾಗಲಾರದು. ಸಮರ್ಥನಾದ ಲೂಥಿಯರನು ತಾನು ಮಾಡಿದ ಕೆಲಸವನ್ನು ಮುಂದೊಬ್ಬನು ಬಿಚ್ಚಬೇಕಾಗಿ ಬರುತ್ತದೆ ಎಂಬುದನ್ನು ಒಪ್ಪಿಕೊಂಡೇ ಅಂಟಿನ ಪಾತ್ರೆಯನ್ನು ಒಲೆಯ ಮೇಲಿಡುತ್ತಾನೆ. ಅವನ ಪರಿಣತಿಯನ್ನು ಅಳೆಯಲು ಇದಕ್ಕಿಂತ ಖಚಿತವಾದ ಕೋಲು ಬೇರೊಂದಿಲ್ಲ.

ಪಿಟೀಲು ಕೆಲಸದಲ್ಲಿ ಪಳಗಿದವರೆಲ್ಲ ಬಾಸ್‌ನ ಕೆಲಸಕ್ಕೂ ಒದಗುತ್ತಾರೆ ಎಂಬ ಊಹೆ ಸಹಜವಾದದ್ದು, ಆದರೆ ಅದು ನಿಲ್ಲುವುದಿಲ್ಲ. ಎರಡರ ತತ್ವ ಒಂದೇ ಆದರೂ ಅಳತೆ ಬದಲಾದಾಗ ಕೆಲಸದ ಸ್ವರೂಪವೇ ಬದಲಾಗುತ್ತದೆ. ಪಿಟೀಲಿನ ಮೇಲುಹಲಗೆಯ ಸುತ್ತ ಅಂಟು ಹಚ್ಚಿ ಅದು ಹೆಪ್ಪುಗಟ್ಟುವುದರೊಳಗೆ ಬಿಗಿಯುವುದು ಒಬ್ಬನ ಕೈಯಲ್ಲಿ ಆಗುವ ಮಾತು. ಬಾಸ್‌ನ ಅಂಚು ಅದರ ಹಲವು ಪಟ್ಟು ಉದ್ದ, ಆದರೆ ಅಂಟು ಕೊಡುವ ಸಮಯ ಅಷ್ಟೇ. ಆದಕಾರಣ ಕೋಣೆಯನ್ನೂ ಮರವನ್ನೂ ಮೊದಲೇ ಬೆಚ್ಚಗೆ ಮಾಡಿಕೊಂಡು, ಹತ್ತಾರು ಕ್ಲಾಂಪುಗಳನ್ನು ಸುತ್ತಲೂ ಸಿದ್ಧವಾಗಿಟ್ಟು, ಭಾಗ ಭಾಗವಾಗಿ ಬಿಸಿ ಅಂಟನ್ನು ತೂರಿಸುತ್ತ ಬಿಗಿಯಬೇಕಾಗುತ್ತದೆ. ವಾದ್ಯವನ್ನು ಮಲಗಿಸಲು ಮೆತ್ತೆ ಹೊದಿಸಿದ ದೊಡ್ಡ ಮೇಜು ಬೇಕು, ಕಾದಿರುವ ವಾದ್ಯಗಳನ್ನು ನಿಲ್ಲಿಸಲು ಜಾಗ ಬೇಕು, ಕುದುರೆ ಕೆತ್ತಲು ಅಂಗೈಗಿಂತ ದೊಡ್ಡದಾದ ಮೇಪಲ್ ತುಂಡು ಬೇಕು. ಬೆರಳುಹಲಗೆ, ಅಂದರೆ ತಂತಿಗಳ ಕೆಳಗೆ ಬೆರಳೊತ್ತಲು ಇರುವ ಉದ್ದನೆಯ ಗಟ್ಟಿಮರದ ಪಟ್ಟಿಯನ್ನು ಉಜ್ಜುಗೊರಡಿನಿಂದ ಸಮಗೊಳಿಸುವುದಂತೂ ಬಾಸ್‌ನಲ್ಲಿ ಪ್ರತ್ಯೇಕ ವಿದ್ಯೆಯೇ ಸರಿ: ದಪ್ಪ ತಂತಿ ವಿಶಾಲವಾಗಿ ತೂಗುತ್ತದೆ, ಆದ್ದರಿಂದ ಪಟ್ಟಿಯ ಉದ್ದಕ್ಕೂ ಕಣ್ಣಿಗೆ ಅಷ್ಟಾಗಿ ಕಾಣದ ಒಂದು ತಗ್ಗು ಇರಬೇಕು, ತಗ್ಗು ಕಡಿಮೆಯಾದರೆ ತಂತಿ ಮರಕ್ಕೆ ತಾಗಿ ಗರಗರಿಸುತ್ತದೆ, ಹೆಚ್ಚಾದರೆ ಎಡಗೈ ಸೋಲುತ್ತದೆ.

ಇವೆಲ್ಲ ಕಾರಣಗಳಿಂದ ಬಾಸ್‌ನ ಕೆಲಸವನ್ನೇ ಮುಖ್ಯವಾಗಿ ಮಾಡುವ ಕಾರ್ಯಾಗಾರಗಳು ವಿರಳವಾಗಿದ್ದು, ವಾದ್ಯವೃಂದಗಳೂ ಸಂಗೀತ ಕಾಲೇಜುಗಳೂ ಜಾಝ್ ಕೂಟಗಳೂ ಇರುವ ದೊಡ್ಡ ನಗರಗಳ ಸುತ್ತ ಸೇರಿಕೊಂಡಿವೆ. ಜರ್ಮನಿಯ ಮಿಟ್ಟೆನ್‌ವಾಲ್ಡ್‌ನಲ್ಲಿ 1858ರಲ್ಲಿಯೂ ಇಟಲಿಯ ಕ್ರೆಮೋನಾದಲ್ಲಿ 1938ರಲ್ಲಿಯೂ ಪಿಟೀಲು ತಯಾರಿಕೆಯ ಶಾಲೆಗಳು ಆರಂಭವಾದವು. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 1972ರಲ್ಲಿ ಅಂಥದೊಂದು ಶಾಲೆ ತೆರೆಯಿತು. ಇಂಥ ಶಾಲೆಗಳ ಪಾಠದಲ್ಲಿ ಪಿಟೀಲೇ ಕೇಂದ್ರವಾಗಿರುವುದರಿಂದ ಬಾಸ್‌ನ ಕೆಲಸವನ್ನು ಆಸಕ್ತರು ಬಹುಮಟ್ಟಿಗೆ ಹಿರಿಯ ದುರಸ್ತಿಗಾರರ ಅಂಗಡಿಯಲ್ಲಿ ಕೈಕೆಳಗಿನವರಾಗಿ ದುಡಿದು ಕಲಿಯುತ್ತಾರೆ. ಸಣ್ಣ ಊರಿನ ವಾದಕರು ಹಿಂದಿನ ಆಸನಗಳನ್ನು ಮಡಚಿದ ಕಾರಿನಲ್ಲಿ ಬಾಸನ್ನು ಮಲಗಿಸಿಕೊಂಡು ಹಲವು ಗಂಟೆಗಳ ದಾರಿ ಸವೆಸುವುದು ಈ ಲೋಕದಲ್ಲಿ ಅಪರೂಪದ ಸಂಗತಿಯಲ್ಲ. ಅಂಥ ದಾರಿಯನ್ನು ತೋರಿಸುವವರು ಸಾಮಾನ್ಯವಾಗಿ ಬೇರೆ ಬಾಸ್ ವಾದಕರೇ. ನಗರದ ವಾದ್ಯವೃಂದದ ಬಾಸ್ ಪಂಕ್ತಿಯಲ್ಲಿರುವವರು ತಮ್ಮ ವಾದ್ಯಗಳನ್ನು ಯಾರ ಕೈಗೆ ಕೊಡುತ್ತಾರೆ ಎಂದು ವಿಚಾರಿಸುವುದು ಯಾವ ಜಾಹೀರಾತಿಗಿಂತಲೂ ನಂಬಲರ್ಹವಾದ ಮಾರ್ಗ. ಬಾಸ್ ವಾದಕ ಗ್ಯಾರಿ ಕಾರ್ 1967ರಲ್ಲಿ ಸ್ಥಾಪಿಸಿದ ಅಂತರರಾಷ್ಟ್ರೀಯ ಬಾಸ್ ವಾದಕರ ಸಂಘದಂಥ ಬಳಗಗಳ ಸಮ್ಮೇಳನಗಳಲ್ಲಿ ವಾದಕರೂ ವಾದ್ಯ ಮಾಡುವವರೂ ಒಂದೇ ಸೂರಿನಡಿ ಸೇರುವುದರಿಂದ ಅಲ್ಲಿಯೂ ಇಂಥ ಪರಿಚಯಗಳು ಬೆಳೆಯುತ್ತವೆ.

ದುರಸ್ತಿಗೆ ಬರುವ ಹಳೆಯ ಬಾಸ್‌ಗಳನ್ನು ಸ್ಥೂಲವಾಗಿ ಎರಡು ಕುಲಗಳಾಗಿ ನೋಡಬಹುದು: ಗಟ್ಟಿ ಮರವನ್ನು ಕೆತ್ತಿ ಉಬ್ಬು ಕೊಟ್ಟವು, ಮತ್ತು ತೆಳುಪದರಗಳನ್ನು ಅಚ್ಚಿನಲ್ಲಿ ಒತ್ತಿ ಮಾಡಿದ ಪ್ಲೈವುಡ್‌ನವು. ಅಮೆರಿಕದಲ್ಲಿ ಎರಡನೆಯ ಕುಲದ ಹೆಸರಾಂತ ಪ್ರತಿನಿಧಿಯೆಂದರೆ ಶಿಕಾಗೋದ ಕೇ ಸಂಸ್ಥೆಯ ಬಾಸ್. ಹೆನ್ರಿ ಕೇ ಕುರ್‌ಮೇಯರ್ ಎಂಬವರ ನಡುಹೆಸರನ್ನು ಹೊತ್ತ ಈ ಸಂಸ್ಥೆ 1930ರ ದಶಕದ ಕೊನೆಯಿಂದ 1960ರ ದಶಕದ ಕೊನೆಯವರೆಗೆ ಬಾಸ್‌ಗಳನ್ನು ತಯಾರಿಸಿತು. ಆಮೇಲೆ ಅದರ ಬಾಸ್ ತಯಾರಿಕೆ ಅದೇ ಇಲಿನಾಯ್ ರಾಜ್ಯದ ಎಂಗಲ್‌ಹಾರ್ಟ್-ಲಿಂಕ್ ಸಂಸ್ಥೆಯ ಕೈಸೇರಿತು. ನಾರುಗಳು ಒಂದಕ್ಕೊಂದು ಅಡ್ಡ ಬರುವಂತೆ ಪದರಗಳನ್ನು ಜೋಡಿಸಿದ ಹಲಗೆ ಹವೆಗೆ ಸುಲಭವಾಗಿ ಹಿಗ್ಗದು, ಕುಗ್ಗದು, ಉದ್ದಕ್ಕೆ ಸೀಳದು, ಬೆಲೆಯೂ ಕೈಗೆಟುಕುವಂತಿತ್ತು. ಹೀಗಾಗಿ ಶಾಲೆಗಳ ವಾದ್ಯವೃಂದಗಳು, ನೃತ್ಯಕ್ಕೆ ನುಡಿಸುವ ತಂಡಗಳು, ಊರೂರು ಸುತ್ತುವ ಬ್ಲೂಗ್ರಾಸ್ ಗಾಯಕರು ಇವನ್ನು ಒಪ್ಪಿಕೊಂಡರು. 1954ರಲ್ಲಿ ಮೆಂಫಿಸ್‌ನಲ್ಲಿ ಎಲ್ವಿಸ್ ಪ್ರೀಸ್ಲಿಯ ಮೊದಲ ವೃತ್ತಿಪರ ಧ್ವನಿಮುದ್ರಣಗಳಿಗೆ ಬಾಸ್ ನುಡಿಸಿದ ಬಿಲ್ ಬ್ಲ್ಯಾಕ್ ಬಳಸಿದ್ದು ಕೇ ಬಾಸನ್ನೇ. ಆ ವಾದ್ಯ ಮುಂದೆ ಪಾಲ್ ಮೆಕಾರ್ಟ್ನಿಯವರ ಸಂಗ್ರಹವನ್ನು ಸೇರಿತು. ತಂತಿಯನ್ನು ಎಳೆದು ಬೆರಳುಹಲಗೆಗೆ ಬಡಿಯುವಂತೆ ಬಿಡುವ ಬ್ಲ್ಯಾಕ್‌ನ ಶೈಲಿಗೆ ಪ್ಲೈವುಡ್‌ನ ಗಿಡ್ಡ, ಗುಂಡಗಿನ ನಾದ ಹೇಳಿ ಮಾಡಿಸಿದಂತಿದೆ. ಕೆತ್ತಿದ ಬಾಸ್‌ಗೆ ಹೋಲಿಸಿ ಇದನ್ನು ಕೀಳೆಂದು ಬಗೆಯುವುದು ಸಂಗೀತದ ತಿಳಿವಳಿಕೆಯ ಕೊರತೆಯೇ ಹೊರತು ಮರದ ತಿಳಿವಳಿಕೆಯಲ್ಲ.

ಕೇ ಬಾಸ್‌ನ ದುರಸ್ತಿಯಲ್ಲಿ ಮೇಲಿಂದ ಮೇಲೆ ಎದುರಾಗುವುದು ಕುತ್ತಿಗೆಯ ಪ್ರಶ್ನೆ. ಒಡಲಿನ ಮೇಲ್ಭಾಗದ ದಿಮ್ಮಿಗೆ ಕುತ್ತಿಗೆಯನ್ನು ಪಾರಿವಾಳದ ಬಾಲದಂತೆ ಅಗಲವಾದ ಕೀಲಿನಿಂದ ಸೇರಿಸಿರುತ್ತಾರೆ. ದಶಕಗಳ ಸೆಳೆತಕ್ಕೆ ಆ ಕೀಲು ಸಡಿಲಗೊಂಡು ಕುತ್ತಿಗೆ ಮುಂದಕ್ಕೆ ಬಾಗುತ್ತದೆ, ತಂತಿಗಳು ಬೆರಳುಹಲಗೆಯಿಂದ ದೂರ ಸರಿಯುತ್ತವೆ, ನುಡಿಸುವುದು ಕೈಕಸರತ್ತಾಗುತ್ತದೆ. ಆತುರದವರು ಹಿಂಬದಿಯಿಂದ ದಪ್ಪ ತಿರುಪೊಂದನ್ನು ಕೊರೆದು ಬಿಗಿದು ಬಿಡುತ್ತಾರೆ. ಅದು ಕೆಲವು ವರ್ಷ ಹಿಡಿದೀತು. ಆದರೆ ಮುಂದೆ ಅದೇ ತಿರುಪಿನ ಸುತ್ತ ಮರ ಬಿರಿದು, ದಿಮ್ಮಿಯನ್ನೇ ಬದಲಿಸಬೇಕಾದ ಸ್ಥಿತಿ ಬರುತ್ತದೆ. ಕಸುಬು ಬಲ್ಲವನು ಕುತ್ತಿಗೆಯನ್ನು ಪೂರ್ತಿ ಕಳಚಿ, ಹಳೆಯ ಅಂಟಿನ ಪದರವನ್ನು ಬಿಸಿನೀರಿನಿಂದ ತೊಳೆದು, ಕೀಲಿನ ಎರಡು ಮಗ್ಗುಲಿಗೂ ತೆಳುವಾದ ಮೇಪಲ್ ಪಟ್ಟಿಗಳನ್ನು ತುಂಬಿ, ಮತ್ತೆ ಉಳಿಯಿಂದ ಸವರುತ್ತ ಸವರುತ್ತ ಅಂಟಿಲ್ಲದೆಯೇ ಬಿಗಿಯಾಗಿ ನಿಲ್ಲುವವರೆಗೆ ಹೊಂದಿಸಿ, ಕುತ್ತಿಗೆಯ ವಾಲಿಕೆಯನ್ನು ಕುದುರೆಯ ಎತ್ತರಕ್ಕೆ ತಕ್ಕಂತೆ ಲೆಕ್ಕ ಹಾಕಿ, ಕೊನೆಗೆ ಚರ್ಮದ ಅಂಟಿನಿಂದ ಕೂರಿಸುತ್ತಾನೆ. ಇದಕ್ಕೆ ತಗಲುವ ಕೂಲಿ ಕೆಲವೊಮ್ಮೆ ವಾದ್ಯದ ಪೇಟೆಬೆಲೆಯ ಗಣನೀಯ ಪಾಲಾಗುತ್ತದೆ. ಮೇಲುಹಲಗೆಯನ್ನೇ ತೆಗೆಯಬೇಕಾದರೆ ವಾದ್ಯದ ಬೆಲೆಯನ್ನೇ ಮೀರಲೂಬಹುದು. ಇಲ್ಲಿ ಪ್ರಾಮಾಣಿಕನಾದವನು ಖರ್ಚನ್ನು ಮೊದಲೇ ಬರೆದು ಕೊಡುವುದಲ್ಲದೆ, ಈಗಲೇ ಆಗಬೇಕಾದ ಕೆಲಸ ಯಾವುದು, ಮುಂದಿನ ವರ್ಷಕ್ಕೆ ನಿಲ್ಲಿಸಬಹುದಾದದ್ದು ಯಾವುದು, ಮುಟ್ಟದೆ ಬಿಡಬೇಕಾದದ್ದು ಯಾವುದು ಎಂದು ವಿಂಗಡಿಸಿ ಹೇಳುತ್ತಾನೆ. ಹಳೆಯ ವಾರ್ನಿಷನ್ನು ಕೆರೆದು ಹೊಸದಾಗಿ ಹೊಳಪು ಕೊಡಿ ಎಂದು ಗಿರಾಕಿಯೇ ಬೇಡಿದರೂ ಒಲ್ಲೆನೆನ್ನುವವನು ಸಿಕ್ಕರೆ ಅವನನ್ನು ಬಿಡಬಾರದು.

ಕೆತ್ತಿದ ಹಳೆಯ ಬಾಸ್‌ಗಳ ಕಡೆಗೆ ಬಂದರೆ ದುರಸ್ತಿಗಾರನು ಇತಿಹಾಸಕಾರನ ಕೆಲಸವನ್ನೂ ಮಾಡಬೇಕಾಗುತ್ತದೆ. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಬಾಸ್‌ಗೆ ಕಟ್ಟುತ್ತಿದ್ದುದು ಬಹುತೇಕ ಕುರಿಯ ಕರುಳಿನಿಂದ ಹೊಸೆದ ತಂತಿಗಳನ್ನು. ಆ ಮೆದು ತಂತಿಗಳ ಹೊರೆಗೆಂದು ಕೆತ್ತಿದ ಮೇಲುಹಲಗೆಗಳ ಮೇಲೆ ಆಮೇಲೆ ಉಕ್ಕಿನ ತಂತಿಗಳನ್ನು ಬಿಗಿದದ್ದರಿಂದ ಎಷ್ಟೋ ವಾದ್ಯಗಳ ಎದೆ ಕುದುರೆಯ ಕೆಳಗೆ ಕುಸಿದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಟಲಿ, ಇಂಗ್ಲೆಂಡುಗಳಲ್ಲಿ ಮೂರೇ ತಂತಿಯ ಬಾಸ್ ಬಳಕೆಯಲ್ಲಿತ್ತು. ಮಹಾವಾದಕನೆಂದು ಹೆಸರಾದ ಜೊವಾನ್ನಿ ಬೊಟ್ಟೆಸೀನಿ ನುಡಿಸುತ್ತಿದ್ದುದು ಮಿಲಾನಿನ ಟೆಸ್ಟೋರೆ ಮನೆತನದವರು 1716ರಲ್ಲಿ ಮಾಡಿದ ಅಂಥ ವಾದ್ಯವನ್ನೇ. ಮುಂದೆ ನಾಲ್ಕನೆಯ ತಂತಿ ಕಡ್ಡಾಯವಾದಾಗ ಅಂಥ ಅನೇಕ ಬಾಸ್‌ಗಳ ಬಿರಡೆಯ ತೂತುಗಳನ್ನು ಮುಚ್ಚಿ ಹೊಸ ತೂತು ಕೊರೆದರು, ಕುತ್ತಿಗೆಯನ್ನು ಬದಲಿಸಿದರು, ಒಡಲನ್ನೇ ಕತ್ತರಿಸಿ ಚಿಕ್ಕದು ಮಾಡಿದರು. ತುಂಬಿದ ಬಿರಡೆಯ ತೂತುಗಳ ಗುರುತುಗಳನ್ನೂ, ಅಂಚಿನ ಕಪ್ಪು ಗೆರೆ ಒಂದೆಡೆ ಏಕಾಏಕಿ ತುಂಡಾಗಿರುವುದನ್ನೂ ನೋಡಿ ವಾದ್ಯದ ಪೂರ್ವಚರಿತ್ರೆಯನ್ನು ಓದಬಲ್ಲ ಕಣ್ಣು, ಒಳಗೆ ಅಂಟಿಸಿದ ತಯಾರಕನ ಹೆಸರಿನ ಚೀಟಿಯನ್ನು ಎಂದೂ ಸಾಕ್ಷಿಯೆಂದು ಒಪ್ಪುವುದಿಲ್ಲ.

ಚೀಟಿ, ಐತಿಹ್ಯಗಳು ಎಷ್ಟು ದೂರ ದಾರಿ ತಪ್ಪಿಸಬಲ್ಲವು ಎಂಬುದಕ್ಕೆ ಮೇಲೆ ಹೇಳಿದ ಗ್ಯಾರಿ ಕಾರ್ ಅವರ ಬಳಿಯಿದ್ದ ಬಾಸೇ ಉದಾಹರಣೆ. ಬಾಸ್ಟನ್ ವಾದ್ಯವೃಂದದ ನಿರ್ದೇಶಕನಾಗುವ ಮೊದಲು ಬಾಸ್ ವಾದಕನಾಗಿ ಖ್ಯಾತನಾಗಿದ್ದ ಸೆರ್ಗೇ ಕೂಸೆವಿಟ್‌ಸ್ಕಿಯ ಆ ವಾದ್ಯವನ್ನು, ಅವನ ಕಾಲಾನಂತರ ಅವನ ಪತ್ನಿ ಓಲ್ಗಾ ತರುಣ ಕಾರ್ ಅವರಿಗೆ ಕೊಡುಗೆಯಾಗಿ ಕೊಟ್ಟರು. ಅದು 1611ರಲ್ಲಿ ಕ್ರೆಮೋನಾದ ಅಮಾಟಿ ಸಹೋದರರು ಮಾಡಿದ್ದೆಂದು ಎಲ್ಲರೂ ನಂಬಿದ್ದರು. ಮರದ ವಾರ್ಷಿಕ ಉಂಗುರಗಳ ಅಗಲವನ್ನು ಅಳೆದು, ಕಾಲ ಗೊತ್ತಿರುವ ಮರಗಳ ಉಂಗುರಗಳ ಸಾಲಿಗೆ ಹೋಲಿಸಿ ವಯಸ್ಸು ನಿರ್ಣಯಿಸುವ ಶಾಸ್ತ್ರದ ಪರೀಕ್ಷೆಗೆ ಅದರ ಮೇಲುಹಲಗೆಯನ್ನು ಒಡ್ಡಿದಾಗ, ಅದರ ಕೊನೆಯ ಉಂಗುರ 1761ರದ್ದೆಂದು ತಿಳಿದುಬಂತು. ಮರ ಇನ್ನೂ ಬೆಳೆಯುತ್ತಿದ್ದ ಕಾಲಕ್ಕಿಂತ ಒಂದೂವರೆ ಶತಮಾನ ಮೊದಲೇ ಆ ಹಲಗೆ ವಾದ್ಯವಾಗಿರಲು ಸಾಧ್ಯವಿರಲಿಲ್ಲ. ಈ ಶೋಧದಿಂದ ವಾದ್ಯದ ನಾದ ಒಂದಿಷ್ಟೂ ಕುಂದಲಿಲ್ಲ. ಹಳೆಯ ಬಾಸ್‌ನ ನಿಜವಾದ ಬೆಲೆ ಅದರ ಹೆಸರಿನಲ್ಲಿದೆಯೋ ಮರದಲ್ಲಿದೆಯೋ ಎಂಬ ಪ್ರಶ್ನೆಗೆ ದುರಸ್ತಿಗಾರರು ದಿನವೂ ತಮ್ಮ ಮೇಜಿನ ಮೇಲೆ ಉತ್ತರ ಕಾಣುತ್ತಿರುತ್ತಾರೆ.

ಲೂಥಿಯರನ ಕೌಶಲವನ್ನು ವಾದಕರು ನೇರವಾಗಿ ಕಿವಿಯಿಂದ ಪರೀಕ್ಷಿಸಬಹುದಾದ ಮುಖ್ಯ ಸಂದರ್ಭವೆಂದರೆ ಸೌಂಡ್ ಪೋಸ್ಟಿನ ಹೊಂದಿಕೆ. ಮೇಲುಹಲಗೆಗೂ ಬೆನ್ನುಹಲಗೆಗೂ ನಡುವೆ, ಕುದುರೆಯ ಬಲಗಾಲಿನ ಸ್ವಲ್ಪ ಹಿಂದೆ, ಅಂಟಿಲ್ಲದೆ ಬರಿಯ ಬಿಗಿತದಿಂದ ನಿಂತಿರುವ ಸುಮಾರು 18 ಮಿಲಿಮೀಟರ್ ದಪ್ಪದ ಸ್ಪ್ರೂಸ್ ಗೂಟಕ್ಕೆ ಈ ಹೆಸರು. ಫ್ರೆಂಚರೂ ಇಟಾಲಿಯನ್ನರೂ ಸ್ಪೇನಿನವರೂ ತಮ್ಮ ತಮ್ಮ ನುಡಿಗಳಲ್ಲಿ ಅದನ್ನು ಆತ್ಮ ಎಂದೇ ಕರೆಯುತ್ತಾರೆ. ಮಂದ್ರದ ಬದಿಯಲ್ಲಿ ಅದಕ್ಕೆ ಜೋಡಿಯಾಗಿ ಮೇಲುಹಲಗೆಯ ಒಳಮೈಗೆ ಅಂಟಿಸಿದ ಉದ್ದನೆಯ ಪಟ್ಟಿಯೊಂದು ಇರುತ್ತದೆ. ಗೂಟವನ್ನು ಒಂದು ಮಿಲಿಮೀಟರಿನಷ್ಟು ಸರಿಸಿದರೂ ನಾದ ಬದಲಾಗುತ್ತದೆ: ಕುದುರೆಗೆ ಹತ್ತಿರವಾದರೆ ಮೊನಚು, ದೂರವಾದರೆ ಮೃದು, ಬಿಗಿ ಹೆಚ್ಚಾದರೆ ಗಂಟಲು ಕಟ್ಟಿದಂತೆ, ಸಡಿಲವಾದರೆ ಪೊಳ್ಳು. ಇದನ್ನು ಮೇಲುಹಲಗೆಯಲ್ಲಿ ಕೊರೆದ ನಾದರಂಧ್ರದ ಮೂಲಕ ಬಾಗಿದ ಸಲಾಕೆ ತೂರಿಸಿ, ಪುಟ್ಟ ಕನ್ನಡಿಯಲ್ಲಿ ನೋಡುತ್ತ ಮಾಡಬೇಕು. ಒಳ್ಳೆಯ ಕೆಲಸಗಾರನು ಗೂಟದ ಎರಡು ತುದಿಗಳನ್ನು ಹಲಗೆಗಳ ಒಳ ಇಳಿಜಾರಿಗೆ ಸರಿಯಾಗಿ ಸವರಿ ಕೂರಿಸಿದ ಮೇಲೆ ವಾದಕರಿಗೆ ನುಡಿಸಲು ಹೇಳಿ, ತಾನು ಕೋಣೆಯ ಆಚೆ ತುದಿಯಲ್ಲಿ ನಿಂತು ಕೇಳುತ್ತಾನೆ, ಮತ್ತೆ ಬಂದು ತುಸು ಸರಿಸುತ್ತಾನೆ, ಮತ್ತೆ ಕೇಳುತ್ತಾನೆ. ನೀವು ಬಿಲ್ಲಿನಿಂದ ನುಡಿಸುವಿರೋ ಮೀಟಿ ನುಡಿಸುವಿರೋ, ಒಬ್ಬರೇ ನುಡಿಸುವಿರೋ ತಂಡದಲ್ಲೋ, ಕರುಳಿನ ತಂತಿಯೋ ಉಕ್ಕಿನದೋ ಎಂದು ವಿಚಾರಿಸದೆ ಗೂಟಕ್ಕೆ ಕೈಹಾಕುವವನಲ್ಲಿಗೆ ಎರಡನೆಯ ಸಲ ಹೋಗಬೇಕಾದ ಅಗತ್ಯವಿಲ್ಲ.

ತಂಬೂರಿಯ ಜವಾರಿ ಬಲ್ಲ ಕನ್ನಡ ಓದುಗರಿಗೆ ಈ ದೃಶ್ಯ ಅಪರಿಚಿತವೆನಿಸದು. ಕುದುರೆಯ ಮೇಲ್ಮೈಯನ್ನು ಅತಿ ಸೂಕ್ಷ್ಮವಾಗಿ ಉಜ್ಜಿ, ಅದರ ಮೇಲೆ ನೂಲೆಳೆ ಸರಿಸಿ ತಂತಿಯ ನಾದ ಅರಳುವ ನೆಲೆಯನ್ನು ಹುಡುಕುವ ಆ ಕೆಲಸದಲ್ಲಿಯೂ ಅಳತೆಗೋಲು ಒಂದು ಹಂತದವರೆಗೆ ಮಾತ್ರ ನೆರವಾಗುತ್ತದೆ, ಅಲ್ಲಿಂದ ಮುಂದಿನದೆಲ್ಲ ಕಿವಿಯ ಪಾಲು. ಧಾರವಾಡ, ಹುಬ್ಬಳ್ಳಿಗಳ ಹಿಂದುಸ್ತಾನಿ ಗಾಯಕರಿಗೆ ಗಡಿಯಾಚೆಯ ಮೀರಜಿನ ತಂಬೂರಿ ಕುಶಲಿಗಳೊಡನೆ ಇರುವ ನಂಟು ಇದೇ ಬಗೆಯದು. ಬಾಸ್‌ಗೂ ಈ ನಾಡಿಗೂ ಇನ್ನೊಂದು ನಂಟು ಮರದ್ದು: ಪಿಟೀಲು ಬಳಗದ ವಾದ್ಯಗಳ ಬೆರಳುಹಲಗೆಗೆ ಉತ್ಕೃಷ್ಟವೆಂದು ಎಣಿಕೆಯಾದ ಕರಿಮರದ ಒಂದು ಜಾತಿ ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಕಾಡುಗಳದ್ದು, ಅದಕ್ಕೆ ಬದಲಾಗಿ ಬಳಸುವ ಬೀಟೆ ಪಶ್ಚಿಮ ಘಟ್ಟದವರಿಗೆ ಮನೆಯ ಮರ. ಬೀಟೆಯ ಇಡೀ ಕುಲವನ್ನು 2017ರ ಜನವರಿಯಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಿ, 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಕೊಡಲಾಯಿತಾದರೂ, ಬ್ರೆಜಿಲ್‌ನ ಬೀಟೆ ಇಂದಿಗೂ ಅತಿ ಬಿಗಿಯಾದ ನಿರ್ಬಂಧದಲ್ಲಿದೆ. ಹಳೆಯ ಬಾಸ್‌ನ ಬೆರಳುಹಲಗೆ ಯಾವ ಮರದ್ದೆಂದು ಗುರುತಿಸಿ ಬರೆದು ಕೊಡಬಲ್ಲ ಲೂಥಿಯರನು ವಾದ್ಯದೊಡನೆ ದೇಶ ದಾಟುವವರಿಗೆ ಸುಂಕದ ಕಟ್ಟೆಯಲ್ಲಿಯೂ ನೆರವಾಗುತ್ತಾನೆ.

ಮೇಲುಹಲಗೆ ತೆಗೆದ ಬಾಸ್‌ನ ಒಳಮೈಯನ್ನು ನೋಡುವ ಅವಕಾಶ ವಾದಕರಿಗೆ ಬದುಕಿನಲ್ಲಿ ಒಮ್ಮೆ ದೊರೆತರೆ ಹೆಚ್ಚು. ಕೆಲಸದ ಮಧ್ಯೆ ಬಂದು ನೋಡಿ ಎಂದು ಕರೆಯುವ ಲೂಥಿಯರರಿದ್ದಾರೆ, ಅಂಥ ಕರೆಯನ್ನು ತಪ್ಪಿಸಿಕೊಳ್ಳಬಾರದು. ಹೊರಗಿನ ಹೊಳಪು ಒಳಗಿಲ್ಲ. ಉಳಿಯ ಗೀರುಗಳು, ಹಳೆಯ ಸೀಳುಗಳ ಉದ್ದಕ್ಕೂ ಸಾಲಾಗಿ ಅಂಟಿಸಿದ ಚಿಕ್ಕ ಚಿಕ್ಕ ಮರದ ಬಿಲ್ಲೆಗಳು, ಯಾರೋ ಅವಸರದಲ್ಲಿ ಒತ್ತಿದ ಬಟ್ಟೆಯ ಪಟ್ಟಿ, ಒರಸದೆ ಬಿಟ್ಟ ಅಂಟಿನ ಹನಿ, ಮೂಲೆಗಳಲ್ಲಿ ಸೇರಿದ ಧೂಳಿನ ಉಂಡೆಗಳು ಅಲ್ಲಿರುತ್ತವೆ. ಅವುಗಳ ನಡುವೆ, ಬಾಸ್‌ನ ಒಳಗೆ ಕೆಲಸ ಮಾಡಿದ ದುರಸ್ತಿಗಾರರಲ್ಲಿ ಹಲವರು ಪೆನ್ಸಿಲಿನಲ್ಲಿ ತಮ್ಮ ಹೆಸರು, ಊರು, ಇಸವಿಗಳನ್ನು ಬರೆದಿಟ್ಟಿರುತ್ತಾರೆ. ಹೊರಗಿನಿಂದ ಯಾರಿಗೂ ಕಾಣದ ಆ ಬರಹ ವಾದ್ಯವನ್ನು ಮುಂದೆ ತೆರೆಯುವವನೊಬ್ಬನಿಗಾಗಿಯೇ ಬರೆದದ್ದು. ಈಗಿನ ಕೆಲಸ ಮುಗಿದ ಮೇಲೆ ಲೂಥಿಯರನು ಆ ಸಾಲುಗಳ ಕೆಳಗೆ ತನ್ನದೊಂದು ಸಾಲು ಸೇರಿಸುತ್ತಾನೆ, ಅಂಚುಗಳನ್ನು ಬೆಚ್ಚಗೆ ಮಾಡುತ್ತಾನೆ, ಅಂಟಿಗೆ ಇನ್ನಷ್ಟು ನೀರು ಬೆರೆಸುತ್ತಾನೆ, ಹಲಗೆಯನ್ನು ಮುಚ್ಚುತ್ತಾನೆ.